ನಿಂತೇ ಇದ್ದ ಹಾಡಿಕಿಯವ್ವ

ಆಕೆಯ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ಯಾವನೋ ಪುಣ್ಯಾತ್ಮ ಮತ್ತೆ ಫೋನು ತೆಗೆದು ಹುಡುಕುತ್ತಾನೆ, ಸಿಕ್ಕದ್ದನ್ನು ನಾಲ್ಕು ಮಂದಿಗೆ ಕಳಿಸುತ್ತಾನೆ. ಬದುಕಿದ್ದಾಗ ಆದದ್ದೇ ಸಾಕು. ಹೆಸರು ಹಿಡಿದು ಕರೆಯುವವರಾದರೂ ನಮ್ಮೂರಲ್ಲಿ ಯಾರಿದ್ದರು? ಹಾಡಿಕಿಯವ್ವ ಎಂದರೆ ಕುಂದಗೋಳದ ಬಸ್ ಸ್ಟ್ಯಾಂಡಿನಲ್ಲಿ ಚಹಾ ಮಾರುವವನಿಗೂ ಗೊತ್ತಾಗುತ್ತಿತ್ತು. ಮೊನ್ನೆ ಆಕೆಯನ್ನು ಮಣ್ಣು ಮಾಡಿ ಬಂದೆವು. ಬಂದಾಗಿನಿಂದ ನನಗೆ ಕೂತಲ್ಲಿ ಕೂಡ್ರಲಾಗುತ್ತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಈ ಊರಿನ ಪ್ರಾಥಮಿಕ ಸಾಲೆಗೆ ಅಕ್ಕೋರಾಗಿ ಬಂದಾಗ ಬಾಡಿಗೆಗೆ ಸಿಕ್ಕ ಮನೆಗೂ ಆಕೆಯ ಮನೆಗೂ ನಡುವೆ ಒಂದೇ ಮಣ್ಣಿನ ಗೋಡೆ. ಮೇಲೆ ತೊಲೆಗಳ ನಡುವೆ ಬರೀ ಸಂದು. ಆ ಮನೆಯಲ್ಲಿ ಒಗ್ಗರಣೆ ಹಾಕಿದರೆ ಈ ಮನೆಯಲ್ಲಿ ನನಗೆ ಸೀನು. ಬಂದ ಮರುದಿನ ಮುಂಜಾನೆ ಆ ಕಡೆಯಿಂದ ಒಂದು ಹೆಣ್ಣುದನಿ ಯಾರನ್ನೋ ಹಿಗ್ಗಾಮುಗ್ಗಾ ಬೈಯುತ್ತಿತ್ತು.

"ಮನಿ ಇಲ್ಲ, ಮಾರಿಲ್ಲ, ಮೈಮ್ಯಾಲ ಅರಿವಿ ಇಲ್ಲ, ಬೇಡಿ ತಂದು ತಿನ್ನಾಂವ! ನಿನಗ ಏನ್ ಕಂಡು ಹೆಣ್ಣ ಕೊಟ್ಟರೋ!"

ಶಿವನೇ, ಎಂಥ ಕುಡುಕ ಗಂಡನೋ ಏನೋ, ಸಮಾಧಾನ ಹೇಳಿ ಬರೋಣ ಎಂದು ಹೋದೆ. ನೋಡಿದರೆ ಗಂಡ ಎನ್ನುವವನು ಕಟ್ಟೆಯ ಮೇಲೆ ತಣ್ಣಗೆ ಕೂತು ತುಂತುಣಿಯ ತಂತಿ ಬಿಗಿ ಮಾಡುತ್ತಿದ್ದ. ನನ್ನ ಮುಖ ನೋಡಿಯೇ ಅವನಿಗೆ ಅರ್ಥವಾಯಿತು. "ನನಗಲ್ರಿ ಅಕ್ಕೋರ, ಶಿವಗ ಬೈಯಾಕತ್ತಾಳ. ನಾಳೆ ಹಾಡಿಕಿ ಐತ್ರಿ" ಎಂದ. ಒಳಗೆ ಇಣುಕಿದರೆ ಆಕೆ ಹಣೆತುಂಬ ವಿಭೂತಿ ಬಳಿದುಕೊಂಡು, ಅಂಗೈಯಲ್ಲಿ ಲಿಂಗ ಹಿಡಿದು ಪೂಜೆಗೆ ಕೂತಿದ್ದಳು.

ನನಗೆ ಆಗ ವಯಸ್ಸು ಕಡಿಮೆ, ನಾಲಿಗೆ ಉದ್ದ. ಪೂಜೆ ಮುಗಿಯುವುದನ್ನೇ ಕಾದು, "ಇದೇನ್ ಬೇ ಯವ್ವಾ, ಈಗಷ್ಟ ಬಾಯಿಗೆ ಬಂದಂಗ ಬೈದಿ, ಈಗ ಅವನಿಗೇ ಪೂಜಿ?" ಎಂದೆ.

"ಪೂಜಿ ಮಾಡೋರಿಗೆ ಬೈಯಾಕ ಹಕ್ಕಿರತೈತ್ರಿ ಅಕ್ಕೋರ. ಮಂದಿ ಗಂಡಗ ಯಾರರೆ ಬೈತಾರೇನು? ತಮ್ಮ ಗಂಡಗ ಬೈತಾರ" ಎಂದು ನಕ್ಕು, ಒಂದು ಬಟ್ಟಲು ಚಹಾ ಕೊಟ್ಟಳು. ನನಗಿನ್ನೂ ಗಂಡನಿರಲಿಲ್ಲ. ಸುಮ್ಮನೆ ಚಹಾ ಕುಡಿದು ಬಂದೆ.

ಹರದೇಶಿ-ನಾಗೇಶಿ ಎಂದರೆ ನಮ್ಮ ಸೀಮೆಯ ಜಗಳದ ಹಾಡಿಕಿ. ಹರದೇಶಿಯವರು ಗಂಡು ಹೆಚ್ಚು, ಶಿವ ಹೆಚ್ಚು ಎಂದು ಹಾಡಬೇಕು. ನಾಗೇಶಿಯವರು ಹೆಣ್ಣು ಹೆಚ್ಚು, ಶಕ್ತಿ ಹೆಚ್ಚು ಎನ್ನಬೇಕು. ಇವರು ಸವಾಲು ಎಸೆದರೆ ಅವರು ಹಾಡಿನಲ್ಲೇ ಜವಾಬು ಕಟ್ಟಬೇಕು. ಅಲ್ಲಿ ಯಾವ ದೇವರ ಮುಲಾಜೂ ಇಲ್ಲ. ಆಕೆ ನಾಗೇಶಿ. ಆಕೆಗೆ ಎದುರಾಗಿ ಹರದೇಶಿ ಹಾಡುತ್ತಿದ್ದವನು ನವಲಗುಂದದವನು. ಆಕೆ ಅವನಿಗೆ ಅಣ್ಣ ಎನ್ನುತ್ತಿದ್ದಳು, ಅವನು ಆಕೆಗೆ ತಂಗಿ. ಊರೂ ಅವನನ್ನು ಅಣ್ಣ ಎಂದೇ ಕರೆಯಿತು. ಹುಬ್ಬಳ್ಳಿಯಿಂದ ಅಣ್ಣಿಗೇರಿಯವರೆಗೆ ಹಾಡಿಕಿ ಇಡಿಸುವವರು ಇವರಿಬ್ಬರನ್ನೂ ಜೋಡಿಯಾಗಿಯೇ ಕರೆಸುತ್ತಿದ್ದರು. ಒಬ್ಬರನ್ನೇ ಕರೆದು ಏನು ಮಾಡುವುದು? ಒಂದೇ ಕೈಯಿಂದ ಚಪ್ಪಾಳೆಯೇ?

ಆ ಹಾಡಿಕಿಯಲ್ಲಿ ಒಂದು ಕಟ್ಟುನಿಟ್ಟಿನ ಪದ್ಧತಿಯಿತ್ತು. ಇದನ್ನು ತಿಳಿಯದಿದ್ದರೆ ಆಕೆಯನ್ನು ತಿಳಿದಂತಲ್ಲ. ಸವಾಲು ಹಾಕಿದವರು ಜವಾಬು ಬರುವ ತನಕ ನಿಂತೇ ಇರಬೇಕು. ಜವಾಬು ಮನಸ್ಸಿಗೆ ಬಂದರೆ ಕೂಡಬೇಕು. ಕೂತರೆಂದರೆ ಒಪ್ಪಿದರು, ಆ ಮಾತು ಅಲ್ಲಿಗೆ ಮುಗಿಯಿತು, ಆಮೇಲೆ ಜವಾಬು ಹೇಳಲು ಯಾರಿಗೂ ಹಕ್ಕಿಲ್ಲ. ಇನ್ನೊಂದು, ಸವಾಲು ಬಾಕಿ ಇರುವಾಗ ಹಾಕಿದವರು ಬೇರೆ ಪದ ಎತ್ತುವ ಹಾಗಿಲ್ಲ. ಬಾಯಿ ಮುಚ್ಚಿಕೊಂಡು ನಿಲ್ಲಬೇಕು. ಕೇಳಿದ್ದಾದ ಮೇಲೆ ಕೇಳಿಸಿಕೊಳ್ಳಲೂ ಬೇಕಲ್ಲ ಎನ್ನುತ್ತಿದ್ದಳು.

ಆ ಅಣ್ಣ ಇದನ್ನೇ ಹಿಡಿದು ಆಕೆಯನ್ನು ಕಾಡುತ್ತಿದ್ದ. ಒಮ್ಮೆ ಅಣ್ಣಿಗೇರಿ ಹತ್ತಿರದ ಹಳ್ಳಿಯಲ್ಲಿ ನಾನೂ ಕೇಳಲು ಹೋಗಿದ್ದೆ. ಆಕೆಯ ಸವಾಲಿಗೆ ಜವಾಬು ಸಿದ್ಧವಿದ್ದರೂ ಅವನು ಎಲೆಗೆ ಸುಣ್ಣ ಹಚ್ಚುತ್ತ, ದಪ್ಪಿನ ಚರ್ಮ ಬೆಂಕಿಗೆ ಕಾಸುತ್ತ, ಬಂದವರ ಮನೆಯ ಕ್ಷೇಮ ಕೇಳುತ್ತ ಹೊತ್ತು ನೂಕಿದ. ಆಕೆಯ ಕಾಲು ಬಾತಿದ್ದವು. ಕೆಳಗೆ ಕೂತ ಹೆಣ್ಣುಮಕ್ಕಳು ಪಾಪ, ಪಾಪ ಎಂದರು.

"ಏನ್ ತಂಗಿ, ಕಾಲು ನೂಸಾಕತ್ತಾವೇನು? ಕುಂದ್ರು, ಯಾರ್ ಬ್ಯಾಡ ಅಂದಾರ?" ಎಂದು ಅವನು ಮೀಸೆಯಡಿ ನಕ್ಕ.

"ಕಾಲು ನನ್ನವು ಅಣ್ಣ. ಮಾನ ನಿಂದು. ನೋಡಿಕೋ" ಎಂದಳು. ಜನ ಹೋ ಎಂದು ಸಿಳ್ಳೆ ಹೊಡೆದರು. ಅವನು ಎದ್ದು ಜವಾಬು ಹಾಡಿದ. ಚೆಂದವಾಗಿ ಹಾಡಿದ, ಸುಳ್ಳು ಯಾಕೆ ಹೇಳಲಿ. ಆಕೆ ಸೆರಗಿನಿಂದ ಮುಖ ಒರೆಸಿಕೊಂಡು, ನಿಧಾನಕ್ಕೆ ಕೂತು, ಕೂತಮೇಲೆ ಅವನತ್ತ ನೋಡಿ ತಲೆದೂಗಿದಳು. ಊಟಕ್ಕೆ ಕೂತಾಗ ತನ್ನ ಬುತ್ತಿಯ ಎಣ್ಣೆಗಾಯಿ ಪಲ್ಯವನ್ನು ಅವನಿಗೇ ಬಡಿಸಿದಳು. ಅಷ್ಟು ಹೊತ್ತು ಅವನ ಕುಲದೇವರ ಮಾನ ಕಳೆದವಳೂ ಇವಳೇ ಎಂದು ನನಗೆ ನಗು.

ಆಕೆ ಪುರಾಣ ಓದಿದವಳಲ್ಲ. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಯ ಮುಖವನ್ನೂ ಕಂಡವಳಲ್ಲ. ಬೇಕಾದಾಗ ಗೋಡೆ ತಟ್ಟಿ ನನ್ನನ್ನು ಕೇಳುವಳು. ನಾನು ಪುಸ್ತಕ ತೆಗೆದು ಓದಿದರೆ ಅರ್ಧ ಕೇಳಿ, ಉಳಿದರ್ಧ ತಾನೇ ಸೇರಿಸಿಕೊಳ್ಳುವಳು. ಗಣಪತಿಗೆ ಆನೆಯ ತಲೆ ಇಟ್ಟ ಮೇಲೆ ಪಾರ್ವತಿ ಹದಿನಾರು ದಿವಸ ಶಿವನಿಗೆ ರೊಟ್ಟಿ ಬಡಿಯಲಿಲ್ಲ ಎಂದು ಒಮ್ಮೆ ಹಾಡಿಬಿಟ್ಟಳು. ನಾನು ಹೌಹಾರಿದೆ.

"ಇದು ಯಾವ ಪುರಾಣದಾಗ ಐತಿ ಬೇ?"

"ಯಾವುದ್ರಾಗೂ ಇಲ್ರಿ? ಹಂಗಾರ ಬರದಾಂವ ಗಂಡಸೇ ಇರಬೇಕು."

ತಿದ್ದುವುದು ನನ್ನ ಕಸುಬು. ತಿದ್ದಿ ತಿದ್ದಿ ಸೋತೆ. ಸುಳ್ಳನ್ನೂ ಎಷ್ಟು ಧೈರ್ಯವಾಗಿ ಹೇಳುತ್ತಿದ್ದಳೆಂದರೆ, ಒಂದು ಸಲ ಸಾಲೆಯಲ್ಲಿ ನಾನೇ ಮಕ್ಕಳಿಗೆ ಆ ಹದಿನಾರು ದಿವಸದ ಕತೆ ಹೇಳಿಬಿಟ್ಟಿದ್ದೆ.

ಆದರೆ ಒಂದು ಗೆರೆಯನ್ನು ಮಾತ್ರ ಆಕೆ ದಾಟುತ್ತಿರಲಿಲ್ಲ. ಕಲಘಟಗಿ ಕಡೆಯ ಒಂದು ಹಾಡಿಕಿಯಲ್ಲಿ ಆಕೆಯ ಹಿಮ್ಮೇಳದವನೊಬ್ಬ ಜನರ ಸಿಳ್ಳೆಗೆ ಉಬ್ಬಿ, ಅದೇ ಊರಿನ ಇನ್ನೊಂದು ಧರ್ಮದ ಓಣಿಯವರ ಮೇಲೆ ಒಂದು ಕೊಳಕು ಸಾಲು ಸೇರಿಸಿದ. ಆಕೆ ತುಂತುಣಿಯನ್ನು ಅಲ್ಲೇ ನಿಲ್ಲಿಸಿ, ಮೈಕಿನಲ್ಲಿಯೇ ಅವನಿಗೆ ಅಂದಳು:

"ಲೇ, ಇಳಿ ಕೆಳಗ. ದೇವರಿಗೆ ಅನ್ನು, ದೇವರು ತಡಕೋತಾನ. ಮಂದಿಗೆ ಯಾಕ ಅಂತಿ? ಸವಾಲಂದ್ರ ಅದಕ್ಕೊಂದು ಜವಾಬಿರತೈತಿ. ಬೈಗಳಕ್ಕ ಏನೈತಿ, ಕಲ್ಲು ಐತಿ."

ಅವನು ಇಳಿದು ಹೋದ. ಮತ್ತೆಂದೂ ಆಕೆ ಅವನನ್ನು ಜೊತೆಗೆ ಕರೆದೊಯ್ಯಲಿಲ್ಲ. ಧರ್ಮನಿಂದೆಯ ಬಗ್ಗೆ ದೊಡ್ಡ ದೊಡ್ಡವರು ಬರೆದದ್ದನ್ನು ಆಮೇಲೆ ನಾನು ಪೇಪರಿನಲ್ಲಿ ಬೇಕಾದಷ್ಟು ಓದಿದ್ದೇನೆ. ಇಷ್ಟು ನೆಟ್ಟಗೆ ಹೇಳಿದವರು ಕಡಿಮೆ.

ಗಂಡ ತೀರಿದ. ಮಗಳನ್ನು ದೇವಿಕೊಪ್ಪಕ್ಕೆ ಕೊಟ್ಟಿದ್ದಳು. ಆಕೆ ಒಬ್ಬಳೇ ಆದಳು, ಆದರೂ ಹಾಡಿಕಿ ಬಿಡಲಿಲ್ಲ. ನಾನೂ ನೌಕರಿಯಿಂದ ನಿವೃತ್ತಳಾಗಿ ಆ ಬಾಡಿಗೆ ಮನೆಯನ್ನೇ ಕೊಂಡು ಉಳಿದೆ. ಆಗ ಬಂತು ನೋಡಿ ಆ ಜಾನಪದ ಉತ್ಸವ.

ತಾಲೂಕಿನವರು ಮಾಡಿಸಿದ್ದು. ಸುಡು ಮಧ್ಯಾಹ್ನ, ಶಾಮಿಯಾನ, ಮುಂದಿನ ಸಾಲಿಗೆ ಸೋಫಾ. ಸೋಫಾದಲ್ಲಿ ಕೂಡಬೇಕಾದವರು ಬರುವುದು ತಡವಾದ್ದರಿಂದ ಇವರಿಬ್ಬರನ್ನೂ ವೇದಿಕೆಗೆ ಹತ್ತಿಸಿದರು. ಆಕೆಗೆ ಮೈಮೇಲೆ ಬಂದಂತಾಗಿತ್ತು. ಸೆರಗನ್ನು ಎಳೆದು ಸೊಂಟಕ್ಕೆ ಬಿಗಿದಳೆಂದರೆ ದೊಡ್ಡ ಸವಾಲು ಬರುತ್ತದೆಂದು ನಮಗೆಲ್ಲ ಗೊತ್ತು. ಬಿಗಿದಳು. ಹಾಡಿದಳು:

"ತಲಿಮ್ಯಾಲಿನ ನೀರು ಹೆಣ್ಣಿಂದು, ಎಡಗಡಿ ಮೈಯಿ ಹೆಣ್ಣಿಂದು,
ಕೈಯಾಗಿನ ತುತ್ತು ಹೆಣ್ಣಿಂದು, ಹಚಗೊಂಡ ಬೂದಿ ಸುಡಗಾಡಿಂದು,
ನಿಂದೇನೈತೋ ತಿರಕಪ್ಪಾ, ನಿನಗ ದೇವರಂದವರ್ಯಾರೋ?"

ಜನ ಎದ್ದು ನಿಂತು ಕೂಗಿದರು. ಅಣ್ಣ ದಪ್ಪು ಎತ್ತಿಕೊಂಡು, ಕಣ್ಣು ಮುಚ್ಚಿ ಒಳಗೊಳಗೇ ಜವಾಬು ಕಟ್ಟುತ್ತಿದ್ದ. ತುಟಿ ಅಲ್ಲಾಡುತ್ತಿದ್ದವು, ನಾನೇ ನೋಡಿದೆ. ಅಷ್ಟರಲ್ಲಿ ಕಾರುಗಳು ಬಂದವು. ನಿರೂಪಕ ಓಡಿ ಬಂದು ಮೈಕು ಕಸಿದುಕೊಂಡು, "ಸಾಕ್ರಿ, ಸಾಕ್ರಿ, ಸಾಹೇಬ್ರು ಬಂದ್ರು, ಇಳೀರಿ" ಎಂದ. ಹಾರ, ತುರಾಯಿ, ಶಾಲು ಶುರುವಾದವು. ಆಕೆ ಮೆಟ್ಟಿಲ ಬಳಿ ನಿಂತು, "ಜವಾಬ ಆಗಿಲ್ರಿ ಇನ್ನ" ಎಂದದ್ದು ಬ್ಯಾಂಡಿನ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ. ಅಣ್ಣ, "ಇರಲಿ ತಂಗಿ, ಬರೂ ಸೋಮವಾರ ಅಣ್ಣಿಗೇರ್ಯಾಗ ಹಾಡಿಕಿ ಐತೆಲ್ಲ, ಅಲ್ಲೇ ಹೇಳತೀನಿ. ಅಗದಿ ಚಲೋ ಜವಾಬ ಸಿಕ್ಕೈತಿ" ಎಂದ. ಇಬ್ಬರೂ ಒಂದೇ ಬಸ್ಸಿಗೆ ಹತ್ತಿದರು. ಸೀಟಿದ್ದರೂ ಆಕೆ ನಿಂತೇ ಬಂದಳು. ನಾವು ಚೇಷ್ಟೆ ಮಾಡಿ ನಕ್ಕೆವು.

ಸೋಮವಾರಕ್ಕೆ ಮುಂಚೆಯೇ ಆ ಮೂರು ಸಾಲು ಸಮುದ್ರ ದಾಟಿ ಹೋಗಿದ್ದವು. ಯಾರೋ ಫೋನಿನಲ್ಲಿ ಹಿಡಿದದ್ದು. ಅದರಲ್ಲಿ ಹಿಂದೂ ಇಲ್ಲ, ಮುಂದೂ ಇಲ್ಲ, ವಿಭೂತಿ ಹಚ್ಚಿಕೊಂಡ ಮುದುಕಿಯೊಬ್ಬಳು ಶಿವನಿಗೆ ತಿರಕಪ್ಪ ಎನ್ನುವುದಷ್ಟೇ ಇತ್ತು. ಜವಾಬು ಇಲ್ಲದ ಸವಾಲು. ನಮ್ಮ ಕಡೆಯವರು ನೋಡಿದ್ದರೆ, ಓ ಹಾಡಿಕಿ ಎಂದು ಬಿಡುತ್ತಿದ್ದರು. ಹಾಡಿಕಿಯ ಗಂಧವೇ ಇಲ್ಲದ ಮಂದಿ ನೋಡಿದರು.

ಊರ ಸಮುದಾಯ ಭವನದಲ್ಲಿ ಸಭೆ ಕೂಡಿತು. ಗೌಡರು ಟೇಬಲ್ಲಿನ ಮೇಲೆ ಫೋನಿಟ್ಟು ಅದರ ದನಿ ಎಲ್ಲರಿಗೂ ಕೇಳುವಂತೆ ಮಾಡಿದರು. ಆ ಕಡೆಯಿಂದ ಮಾತಾಡಿದವರು ನಮ್ಮ ಸೀಮೆಯ ಮೂಲದವರೇ. ಅವರ ಅಜ್ಜನ ಕಾಲದಿಂದ ಹೊರದೇಶದಲ್ಲಿ ಅಂಗಡಿ ಇಟ್ಟುಕೊಂಡವರು, ಅಲ್ಲಿಯ ನಮ್ಮವರ ಸಂಘಕ್ಕೆ ಹಿರಿಯರು. ನಾನು ಅವರನ್ನು ಬಾಯಿತುಂಬ ಬೈಯಬೇಕೆಂದೇ ಹೋಗಿದ್ದೆ. ಅವರ ಮಾತು ಕೇಳಿ ಬೈಗುಳ ಮರೆತೆ.

"ನನ್ನ ಮೊಮ್ಮಗಳಿಗೆ ಇಲ್ಲಿ ಸಾಲ್ಯಾಗ ಹುಡುಗೂರು ಕಾಡಸ್ತಾರ್ರಿ. ನಿಮ್ಮ ದೇವರು ಹಾವು ಸುತಗೊಂಡ ಭಿಕ್ಷುಕ ಅಂತ. ಅಳಕೋತ ಮನಿಗೆ ಬರತೈತಿ ಕೂಸು. ಎಲ್ಲಾ ಧರ್ಮದವರೂ ಸೇರಿ ಜಗತ್ತಿನ ಸಭಾದಾಗ ಕೇಳಾಕತ್ತಾರ, ಯಾರ ದೇವರಿಗೂ ಯಾರೂ ಅನಬಾರದು, ಹಂಗ ಒಂದು ಕಾಯ್ದೆ ಆಗಲಿ ಅಂತ. ನಾವೂ ಅರ್ಜಿ ಕೊಟ್ಟೀವಿ. ಹಂತಾದ್ರಾಗ ನಮ್ಮವರ ಬಾಯಾಗ ಈ ಮಾತು ಬಂದ್ರ ನಾವು ಮಾರಿ ಎಲ್ಲಿ ಇಡೂಣ್ರಿ?" ಎಂದರು.

ಗೌಡರು ಆಕೆಯ ಕಡೆ ತಿರುಗಿ, "ಏನ್ ಬೇ, ತಪ್ಪಾತು ಅಂತ ಒಂದು ಮಾತು ಫೋನಿನ ಮುಂದ ಹೇಳಿಬಿಡು. ಅದನ್ನ ಕಳಿಸಿದ್ರ ಮುಗೀತು" ಎಂದರು.

ಆಕೆಗೆ ಕುರ್ಚಿ ಹಾಕಿದ್ದರು. ಕೂತಿರಲಿಲ್ಲ. ನಿಂತೇ ಹೇಳಿದಳು:

"ಪಾಪ, ಆ ಕೂಸಿಗೆ ಜವಾಬ ಗೊತ್ತಿಲ್ರಿ ಯಪ್ಪಾ, ಅದಕ್ಕ ಅಳತೈತಿ. ತಪ್ಪಾತು ಅಂದ್ರ ಸವಾಲು ಸುಳ್ಳಾತು. ಸುಳ್ಳಾದ ಸವಾಲಿಗೆ ಜವಾಬ ಯಾರ್ ಕೊಡ್ತಾರ? ಅಣ್ಣನ್ನ ಕರಸ್ರಿ, ಇಲ್ಲೇ ಜವಾಬ ಹಾಡಲಿ. ನಾ ಎಲ್ಲಾರ ಮುಂದ ಕುಂದರತೀನಿ. ಎರಡೂ ಕೂಡಿಸಿ ಆ ಕೂಸಿಗೆ ಕಳಸ್ರಿ. ನಾಳೆ ಯಾರರೆ ಕಾಡಿಸಿದ್ರ ಅದು ಅಳೂದಿಲ್ಲ, ತಿರುಗಿ ಹಾಡತೈತಿ."

ಇದಕ್ಕಿಂತ ಒಳ್ಳೆಯ ತೀರ್ಮಾನವನ್ನು ಯಾವ ಸಭೆ ಕೊಟ್ಟೀತು? ನಾನು ಎದ್ದು, "ಬರೋಬ್ಬರಿ ಐತಿ, ಹಂಗ ಮಾಡ್ರಿ" ಎಂದೆ. ಯಾರೋ ಹಿಂದಿನಿಂದ, "ಅಕ್ಕೋರ, ಇದು ಸಾಲಿ ಅಲ್ಲ, ಕುಂದರ್ರಿ" ಎಂದರು. ಗೌಡರು ಕೆಟ್ಟವರಲ್ಲ, ಅಂಜಿದ್ದರು. ಜವಾಬು ಹಾಡಿಸಿದರೆ ಸವಾಲು ಸರಿಯೆಂದು ಒಪ್ಪಿದ ಹಾಗಾಗುತ್ತದೆ, ಅದು ಬೇಡ ಎಂದರು. ಮರುದಿನ ಪೊಲೀಸ್ ಸಾಹೇಬರೊಬ್ಬರು ಜೀಪಿನಲ್ಲಿ ಬಂದು, ಗದ್ದಲ ತಣ್ಣಗಾಗುವ ತನಕ ಇಬ್ಬರ ಹಾಡಿಕಿಯೂ ಬೇಡವೆಂದು ಮರ್ಯಾದೆಯಿಂದಲೇ ಹೇಳಿ ಹೋದರು. ಅಣ್ಣಿಗೇರಿಯವರು ತಾವಾಗಿಯೇ ಹಾಡಿಕಿ ರದ್ದು ಮಾಡಿದರು.

ಆಕೆ ತಪ್ಪಾಯಿತು ಎನ್ನಲಿಲ್ಲ. ಆದರೆ ಸವಾಲು ಬಾಕಿ ಇತ್ತಲ್ಲ. ಪದ್ಧತಿಯ ಪ್ರಕಾರ ಬೇರೆ ಪದ ಎತ್ತುವಂತಿರಲಿಲ್ಲ. ಎತ್ತಲಿಲ್ಲ. ಅವರೆಲ್ಲ ಸೇರಿ ಆಕೆಯ ಬಾಯಿ ಮುಚ್ಚಿಸಲು ಏನೇನು ಮಾಡಬೇಕೆಂದಿದ್ದರೋ, ಅದಕ್ಕಿಂತ ಗಟ್ಟಿಯಾಗಿ ಆಕೆಯ ಪದ್ಧತಿಯೇ ಮುಚ್ಚಿಸಿತು. ನನ್ನ ಗೋಡೆ ಮೂಕವಾಯಿತು. ಎಷ್ಟೋ ಮುಂಜಾನೆ ಆ ಬೈಗುಳ ಕೇಳದೆ ನನಗೆ ಚಹಾ ರುಚಿಸಲಿಲ್ಲ.

ಮಗಳು ಬಾಣಂತನಕ್ಕೆ ಬಂದಳು. ಕೂಸು ರಚ್ಚೆ ಹಿಡಿದು ಅಳುತ್ತಿತ್ತು. ಆಕೆ ತೊಟ್ಟಿಲು ತೂಗುತ್ತಾಳೆ, ತೂಗುತ್ತಾಳೆ, ಬಾಯಿ ಬಿಡುವುದಿಲ್ಲ. ನಾನು ತಡೆಯಲಾರದೆ ಹೋಗಿ ಜಗಳಕ್ಕೆ ನಿಂತೆ.

"ಜೋಗುಳರೆ ಹಾಡಬಾರದೇನ್ ಬೇ? ಅದೇನು ಹಾಡಿಕಿನಾ?"

"ಪದ ಪದನ್ರಿ ಅಕ್ಕೋರ. ನಾ ಇನ್ನೂ ನಿಂತೀನಿ."

"ನಿಂತೀನಿ ಅಂತ! ಯಾರ್ ನೋಡ್ತಾರ ನಿನ್ನ? ಶಾಣ್ಯಾಕಿ! ಆ ಜವಾಬ ನಿನಗ ಗೊತ್ತಿಲ್ಲೇನು? ನೀನ ಹಾಡಿಕೊಂಡು ನೀನ ಕುಂದ್ರು."

"ಗೊತ್ತೈತ್ರಿ. ಕೇಳಿದಾಕಿ ಬಾಯಾಗ ಬಂದ್ರ ಅದು ಜವಾಬಲ್ಲ" ಎಂದು ತೊಟ್ಟಿಲ ಹಗ್ಗ ಜಗ್ಗಿದಳು. ನನಗೆ ಸಿಟ್ಟು, ಅಳು ಎರಡೂ ಒಟ್ಟಿಗೆ ಬಂದವು. ಕೊನೆಗೆ ನಾನೇ ನನ್ನ ಒಡಕು ದನಿಯಲ್ಲಿ ಜೋಗುಳ ಹಾಡಿದೆ. ಕೂಸು ಇನ್ನಷ್ಟು ಅತ್ತಿತು. ಆಗ ಮಾತ್ರ ಆಕೆ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು.

ಹೊರದೇಶದವರು ದೂರು ಕೊಟ್ಟು ಆ ವಿಡಿಯೋ ತೆಗೆಸಿದ್ದರು. ಅದೊಂದೇ ಹೋಗಿದ್ದರೆ ಪೀಡೆ ಹೋಯಿತು ಎನ್ನಬಹುದಿತ್ತು. ಅದರ ಜೊತೆ ಯಾರೋ ಅಭಿಮಾನಿ ಹಾಕಿದ್ದ ಆಕೆಯ ಹಳೆಯ ಹಾಡಿಕಿಗಳೂ ಹೋದವು. ಗಂಡನ ತುಂತುಣಿ ಇದ್ದದ್ದೂ ಅವುಗಳಲ್ಲೇ. ಅದನ್ನು ಕೇಳಬೇಕೆಂದು ಒಂದು ದಿನ ಫೋನು ತಂದು ಕೊಟ್ಟಳು. ಹುಡುಕಿದೆ. ಈ ವಿಡಿಯೋ ನಿಮ್ಮ ದೇಶದಲ್ಲಿ ಲಭ್ಯವಿಲ್ಲ ಎಂದು ಬಂತು. ಓದಿ ಹೇಳಿದೆ.

"ನನ್ನ ದೇಶದಾಗ ನಾ ಇಲ್ಲೇನ್ರಿ?" ಎಂದಳು. ಸಿಟ್ಟಿರಲಿಲ್ಲ, ಸುಮ್ಮನೆ ಕೇಳಿದಳು.

ಒಮ್ಮೆ ಇಬ್ಬರೂ ಕಟ್ಟೆಯ ಮೇಲೆ ಕಡಲೆ ಹಸನು ಮಾಡುತ್ತ ಇದ್ದೆವು. ನಾನು ಕೂತು, ಆಕೆ ಮೊರ ಹಿಡಿದು ನಿಂತು. ಕೆಲಸದ ಹೊತ್ತಿನಲ್ಲೂ ನಾಲ್ಕು ಜನರೆದುರು ಕೂಡುವುದನ್ನು ಆಕೆ ಬಿಟ್ಟಿದ್ದಳು. ಪೇಪರಿನಲ್ಲಿ ಎಲ್ಲ ದೇಶಗಳೂ ಕೂಡುವ ಆ ಜಗತ್ತಿನ ಸಭೆಯ ಸುದ್ದಿ ಇತ್ತು. ಧರ್ಮಗ್ರಂಥಕ್ಕೆ, ದೇವರಿಗೆ ಅವಮಾನ ಮಾಡಬಾರದು ಎಂದು ಕೆಲವು ದೇಶಗಳು, ಮಾತಿನ ಸ್ವಾತಂತ್ರ್ಯಕ್ಕೆ ಬೇಲಿ ಹಾಕಬಾರದು ಎಂದು ಬೇರೆ ಕೆಲವು ದೇಶಗಳು, ಕೈ ಎತ್ತಿಸಿ ಎಣಿಸಿದರಂತೆ. ಓದಿ ಹೇಳಿದೆ. ಆಕೆ ಮೊರ ಕೇರುವುದನ್ನು ನಿಲ್ಲಿಸಿ ಆಸ್ಥೆಯಿಂದ ಕೇಳಿದಳು.

"ಅಂದ್ರ ಅಲ್ಲೂ ಹರದೇಶಿ-ನಾಗೇಶಿ ಐತೇನ್ರಿ?"

"ಹಂಗ ಅನ್ನು."

"ಜವಾಬ ಯಾರ್ ಹಾಡಿದ್ರು?"

"ಜವಾಬಿಲ್ಲ ಬೇ. ಕೈ ಎಣಿಸಿದ್ರಂತ."

"ಅಯ್ಯ! ಕೈ ಎಣಿಸಿದ್ರ ಹಾಡಿಕಿ ಮುಗೀತೈತೇನು? ಒಂದು ಮಂದಿ ಕೇಳಬ್ಯಾಡ್ರಿ ಅಂತೈತಿ. ಇನ್ನೊಂದು ಮಂದಿ ಬೇಕಾದ್ದು ಅನ್ನತೀವಿ ಅಂತೈತಿ. ನಿಂತು ಕೇಳಸ್ಕೊಳ್ಳಾವ್ರು ಯಾರೂ ಇಲ್ಲಲ್ರಿ" ಎಂದು ಮತ್ತೆ ಕೇರತೊಡಗಿದಳು.

ಜಮಖಾನೆ ಕೊಳ್ಳುವ ನೆಪ ಮಾಡಿಕೊಂಡು ನಾನೊಮ್ಮೆ ನವಲಗುಂದಕ್ಕೆ ಹೋದೆ. ಅಣ್ಣನ ಮನೆ ಕೇಳಿಕೊಂಡು ಹೋಗಿ ನೇರವಾಗಿಯೇ ಅಂದೆ, "ಏನ್ರೀ ಅಣ್ಣಾರ, ಆಕಿ ಎಷ್ಟ್ ದಿವಸ ನಿಂದರಬೇಕು?" ಅವನ ದಪ್ಪು ಗೋಡೆಯ ಗೂಟದಲ್ಲಿ ತೂಗುತ್ತಿತ್ತು, ಮೇಲೆ ಧೂಳು. ಅವನು ನನಗೆ ಮುಖ ಕೊಡಲಿಲ್ಲ.

"ಜವಾಬ ಅವತ್ತ ಕಟ್ಟೀನ್ರಿ ಅಕ್ಕೋರ. ದಿನಾ ಮನಸಿನಾಗ ಹಾಡಕೋತೀನಿ. ಹಾಡಿದ್ರ ಇಬ್ಬರೂ ಒಂದ ಅಂತ ನನ್ನ ಮ್ಯಾಲೂ ಬರತಾರ. ಇಡೀ ಹಯಾತಿ ಶಿವ ಹೆಚ್ಚು ಅಂತ ಹಾಡಿದಾಂವ ನಾ. ನನಗ ಶಿವದ್ರೋಹಿ ಅಂದ್ರ ತಡಕೊಳ್ಳಾಕ ಆಗೂದಿಲ್ರಿ" ಎಂದ. ಮತ್ತೆ, "ಮುಂದಿನ ವರ್ಷ ಎಲ್ಲಾ ತಣ್ಣಗಾಗತೈತಿ. ಆವಾಗ ನಾನ ನಿಮ್ಮೂರಿಗೆ ಬರತೀನಿ. ಆಕಿಗೆ ಹೇಳ್ರಿ" ಎಂದ.

ಬಂದು ಹೇಳಿದೆ. ಅಂಜುಬುರುಕ ಎಂದು ಎರಡು ಮಾತು ಸೇರಿಸಿಯೇ ಹೇಳಿದೆ. ಆಕೆ ನನ್ನ ಮೇಲೆಯೇ ಸಿಡಿದಳು. "ಅಣ್ಣಗ ಏನೂ ಅನಬ್ಯಾಡ್ರಿ. ಬರತೀನಿ ಅಂದಾನಲ್ಲ, ಬರತಾನ. ನಿಂದರೂದು ನನಗ ಹೊಸದಲ್ಲ."

ಮುಂದಿನ ವರ್ಷ ಎಂಬುದು ಬಂತು, ಹೋಯಿತು, ಮತ್ತೂ ಬಂತು. ಊರು ಆ ಗದ್ದಲವನ್ನು ಮರೆತೇಬಿಟ್ಟಿತು. ಅದೇ ನನ್ನ ಹೊಟ್ಟೆ ಉರಿಸುವುದು. ಬೈದವರು ಮರೆತರು, ದೂರು ಕೊಟ್ಟವರು ಮರೆತರು, ಆ ಕೂಸೂ ದೊಡ್ಡದಾಗಿ ಮರೆತಿರಬೇಕು. ನೆನಪಿಟ್ಟುಕೊಂಡಿದ್ದವರು ಇಬ್ಬರೇ, ಒಬ್ಬಳು ನಿಂತು, ಒಬ್ಬ ಅಂಜಿ. ಕಾಯಿಲೆ ಬಿದ್ದಾಗಲೂ ಯಾರಾದರೂ ನೋಡಲು ಬಂದರೆ ಹಾಸಿಗೆಯಿಂದೆದ್ದು ಗೋಡೆ ಹಿಡಿದು ನಿಲ್ಲುವಳು. "ಮಲಕೋ ಬೇ ಯವ್ವಾ" ಎಂದರೆ, "ಮಲಗಬಹುದ್ರಿ. ಕುಂದ್ರಾಕ ಬರೂದಿಲ್ಲ" ಎಂದು ಅದರಲ್ಲೂ ಚೇಷ್ಟೆ.

ಹೋದದ್ದು ಮುಂಜಾನೆ. ಆರೈಕೆಗೆ ಬಂದಿದ್ದ ಮಗಳು ಗೋಡೆ ತಟ್ಟಿದಳು. ಎಷ್ಟೋ ವರ್ಷಗಳ ಮೇಲೆ ಆ ಗೋಡೆ ಸದ್ದು ಮಾಡಿದ್ದು ಆವತ್ತೇ, ಹುಚ್ಚಿ ನಾನು, ಪುರಾಣ ಕೇಳಲು ಆಕೆಯೇ ತಟ್ಟಿದಳೆಂದುಕೊಂ‌ಡೆ.

ನಮ್ಮಲ್ಲಿ ಹೋದವರನ್ನು ಮಲಗಿಸುವುದಿಲ್ಲ, ಕೂಡ್ರಿಸುತ್ತಾರೆ. ಮೈ ತೊಳೆದು, ಹಣೆಗೆ ವಿಭೂತಿ ಹಚ್ಚಿ, ಹೊಸ ಇಳಕಲ್ ಸೀರೆ ಉಡಿಸಿ, ಪಡಸಾಲೆಯ ಗೋಡೆಗೆ ಒರಗಿಸಿ ಕೂಡ್ರಿಸಿದ್ದರು. ಹೆಗಲ ಮೇಲಿಂದ ಒಂದು ಬಟ್ಟೆ ತಂದು ಹಿಂದಿನ ಗೂಟಕ್ಕೆ ಕಟ್ಟಿದ್ದರು. ಮುಂದೆ ಭಜನೆ ನಡೆದಿತ್ತು. ಗೌಡರೂ ಬಂದಿದ್ದರು, ಕಣ್ಣೊರೆಸಿಕೊಳ್ಳುತ್ತಿದ್ದರು.

ಮಧ್ಯಾಹ್ನದ ಬಸ್ಸಿಗೆ ಅಣ್ಣ ಬಂದ. ಬಹಳ ಇಳಿದುಹೋಗಿದ್ದ. ಕಂಕುಳಲ್ಲಿ ಬಟ್ಟೆ ಸುತ್ತಿದ ದಪ್ಪು. ಜನ ದಾರಿ ಬಿಟ್ಟರು, ಭಜನೆಯವರು ತಾಳ ನಿಲ್ಲಿಸಿದರು. ಅವನು ಬಟ್ಟೆ ಬಿಚ್ಚಿ ದಪ್ಪನ್ನು ಕೈಗೆ ತೆಗೆದುಕೊಂಡು ಬಾಗಿಲಲ್ಲೇ ನಿಂತ.

"ಹಾಡ್ರಿ ಅಣ್ಣಾರ, ಹಾಡ್ರಿ. ಈಗ ಯಾರೂ ಬ್ಯಾಡ ಅನ್ನೂದಿಲ್ಲ" ಎಂದರು ಗೌಡರು.

ಅವನು ಗೌಡರನ್ನು ನೋಡಲಿಲ್ಲ. ಗೋಡೆಗೆ ಒರಗಿದ ಆಕೆಯನ್ನೇ ನೋಡುತ್ತಿದ್ದ.

"ಹೆಂಗ ಹಾಡ್ಲ್ರಿ? ಆಕಿ ಕುಂತಬಿಟ್ಟಾಳಲ್ರೀ" ಎಂದ.

ಆಮೇಲೆ ದಪ್ಪನ್ನು ನೆಲಕ್ಕಿಟ್ಟು ಹತ್ತಿರ ಹೋದ. ಆಕೆಯ ಮುಂದೆ ಬಗ್ಗಿ, ಕೂಸನ್ನು ಎಬ್ಬಿಸುವವರ ಹಾಗೆ ಮೆಲ್ಲಗೆ ಅಂದ:

"ಎದ್ದ ನಿಂದ್ರ ಬೇ ತಂಗಿ, ಒಂದ ಸಲ. ಜವಾಬ ತಂದೀನಿ."